ಓದುಗರ ಪ್ರಶ್ನೆ, ನಮ್ಮ ಉತ್ತರ: ಸಣ್ಣ ಊರಿನ ವಿಮಾನ ಬರುವುದೇಕೆ, ನಿಲ್ಲುವುದೇಕೆ?

ಪ್ರಾದೇಶಿಕ ವಿಮಾನ ಸೇವೆಯ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಬೀದರ್, ಕಲಬುರಗಿ ಮತ್ತು ಬೆಳಗಾವಿಯವು. ಬೆಂಗಳೂರಿನಿಂದ ಒಂದೂ ಬರಲಿಲ್ಲ. ದಿನಕ್ಕೆ ನೂರಾರು ವಿಮಾನ ಏರಿಳಿಯುವ ಊರಿನವರಿಗೆ ವಾರಕ್ಕೆ ಮೂರು ದಿನ ಬರುವ ವಿಮಾನದ ಚಿಂತೆ ಇರುವುದಿಲ್ಲ, ಅದು ಸಹಜ. ಒಂದೇ ವಿಷಯವನ್ನು ಹಲವರು ಕೇಳಿದ್ದಲ್ಲಿ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ನಮ್ಮ ಊರಿಗೆ ವಿಮಾನ ಬಂತು, ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು, ಈಗ ಮತ್ತೆ ಬಂದಿದೆ. ಬೀದರಿನಲ್ಲಿ ವಿಮಾನ ಹತ್ತುವ ಜನರೇ ಇಲ್ಲವೆಂದು ಇದರ ಅರ್ಥವೇ?
*– ಬೀದರಿನ ಒಬ್ಬ ವ್ಯಾಪಾರಿ*

ಅಲ್ಲ. ಜನರಿದ್ದಾರೆ, ಆದರೆ ವಿಮಾನವನ್ನು ನಂಬಿ ದಿನ ಗೊತ್ತುಮಾಡಿಕೊಳ್ಳುವ ಜನ ಇನ್ನೂ ರೂಪುಗೊಂಡಿಲ್ಲ. ಅವರು ರೂಪುಗೊಳ್ಳುವುದಕ್ಕೆ ಮೊದಲೇ ಪ್ರತಿ ಬಾರಿಯೂ ಸೇವೆ ನಿಂತಿದೆ.

ಬೀದರಿನ ಕಥೆಯನ್ನೇ ನೋಡಿ. ಅಲ್ಲಿನ ನಿಲ್ದಾಣ ವಾಯುಪಡೆಯ ನೆಲೆಗೆ ಅಂಟಿಕೊಂಡ ನಾಗರಿಕ ಆವರಣ. ಟರ್ಮಿನಲ್ ಕಟ್ಟಡ ಸಿದ್ಧವಾದ ಮೇಲೂ ವರ್ಷಗಟ್ಟಲೆ ಖಾಲಿ ನಿಂತಿತ್ತು. ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣಕ್ಕಾಗಿ ಮಾಡಿಕೊಂಡ ಒಪ್ಪಂದದಲ್ಲಿ 150 ಕಿ.ಮೀ. ಒಳಗೆ ಮತ್ತೊಂದು ನಾಗರಿಕ ನಿಲ್ದಾಣ ಬರಬಾರದೆಂಬ ಷರತ್ತು ಇದ್ದುದೇ ಅದಕ್ಕೆ ಮುಖ್ಯ ಅಡ್ಡಿ. ಆ ತೊಡಕು ಬಗೆಹರಿದು 2020ರ ಫೆಬ್ರವರಿ 7ರಂದು ಟ್ರೂಜೆಟ್ ಸಂಸ್ಥೆಯ ಎಟಿಆರ್ ವಿಮಾನ ಬೆಂಗಳೂರಿನಿಂದ ಬಂದಿಳಿಯಿತು. ಎರಡು ತಿಂಗಳು ತುಂಬುವುದರೊಳಗೆ ಕೋವಿಡ್ ಲಾಕ್‌ಡೌನ್ ಬಂತು. ಸೇವೆ ಹೇಗೋ ಮತ್ತೆ ಶುರುವಾಯಿತಾದರೂ 2022ರ ಫೆಬ್ರವರಿಯಲ್ಲಿ ಆ ಸಂಸ್ಥೆಯೇ ಹಾರಾಟ ನಿಲ್ಲಿಸಿತು. ಅದೇ ವರ್ಷದ ಜೂನ್‌ನಲ್ಲಿ ಸ್ಟಾರ್ ಏರ್ ಬಂತು. 2023ರ ಕೊನೆಯ ಹೊತ್ತಿಗೆ ಅದೂ ನಿಂತಿತು. ರಾಜ್ಯ ಸರ್ಕಾರ ನಷ್ಟ ತುಂಬಿಕೊಡಲು ಒಪ್ಪಿದ ಮೇಲೆ 2025ರ ಏಪ್ರಿಲ್‌ನಲ್ಲಿ ವಿಮಾನ ಮತ್ತೆ ಬೀದರಿಗೆ ಬಂತು.

ಈ ಐದು ವರ್ಷಗಳಲ್ಲಿ ಒಬ್ಬ ವ್ಯಾಪಾರಿಯೋ ರೋಗಿಯ ಕಡೆಯವರೋ ಏನು ಕಲಿತಿರುತ್ತಾರೆ? ಹೈದರಾಬಾದಿಗೆ ಕಾರು ಮಾಡಿಕೊಂಡು ಹೋದರೆ ಸುಮಾರು ಮೂರು ಗಂಟೆಯ ದಾರಿ, ಅಲ್ಲಿಂದ ಬೆಂಗಳೂರಿಗೆ ದಿನವಿಡೀ ವಿಮಾನಗಳಿವೆ, ಒಂದು ತಪ್ಪಿದರೆ ಇನ್ನೊಂದು. ಬೀದರಿನಿಂದಲೇ ಹೋಗಬೇಕಾದರೆ ವಾರದ ಯಾವ ದಿನ ವಿಮಾನವಿದೆ ಎಂದು ನೋಡಬೇಕು, ಹಿಂದಿರುಗುವ ವಿಮಾನ ಎರಡು ದಿನದ ಮೇಲಿದ್ದರೆ ಬೆಂಗಳೂರಿನಲ್ಲಿ ಎರಡು ರಾತ್ರಿ ವಸತಿಯ ಖರ್ಚು ಹೊರಬೇಕು, ಹಿಂದಿರುಗುವ ಆ ವಿಮಾನವೇ ರದ್ದಾದರೆ ರಾತ್ರಿಯ ರೈಲಿಗೆ ಟಿಕೆಟ್ ಸಿಗುವುದೂ ಅನುಮಾನ. ಲೆಕ್ಕ ಬಲ್ಲ ಮನುಷ್ಯ ಹೈದರಾಬಾದಿನ ಹಾದಿ ಹಿಡಿಯುತ್ತಾನೆ. ಇತ್ತ ಆಸನಗಳು ಖಾಲಿ ಉಳಿಯುತ್ತವೆ. ‘ಲೋಡ್ ಇಲ್ಲ’ ಎಂದು ಸಂಸ್ಥೆ ದಿನಗಳನ್ನು ಕಡಿಮೆ ಮಾಡುತ್ತದೆ. ದಿನಗಳು ಕಡಿಮೆಯಾದಷ್ಟೂ ಆಸನಗಳು ಇನ್ನಷ್ಟು ಖಾಲಿಯಾಗುತ್ತವೆ. ಆದ್ದರಿಂದ ‘ಪ್ರಯಾಣಿಕರಿಲ್ಲ, ಹಾಗಾಗಿ ವಿಮಾನ ನಿಂತಿತು’ ಎಂಬ ಮಾತನ್ನು ನಾವು ಅರ್ಧ ಮಾತ್ರ ನಂಬುತ್ತೇವೆ.

ಉಡಾನ್ ಯೋಜನೆಯ ಸಹಾಯಧನ ಯಾರ ಜೇಬಿನಿಂದ ಬರುತ್ತದೆ? ಮೂರು ವರ್ಷಕ್ಕೆ ಸೀಮಿತ ಮಾಡಿದ್ದೇಕೆ?
*– ಕಲಬುರಗಿಯ ಒಬ್ಬ ಕಾಲೇಜು ಅಧ್ಯಾಪಕಿ ಮತ್ತು ಇನ್ನಿಬ್ಬರು ಓದುಗರು*

ಸಣ್ಣ ಊರುಗಳಿಗೆ ಕಡಿಮೆ ದರದಲ್ಲಿ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯನ್ನು 2016ರ ಅಕ್ಟೋಬರ್‌ನಲ್ಲಿ ಘೋಷಿಸಲಾಯಿತು. ಅದರ ಅಡಿಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ನಿಯಮಿತ ವಿಮಾನವೇ ಇಲ್ಲದ ಊರುಗಳನ್ನೂ, ವಾರಕ್ಕೆ ಏಳಕ್ಕಿಂತ ಹೆಚ್ಚು ವಿಮಾನ ಹೊರಡದ ಊರುಗಳನ್ನೂ ಆಗ ಯೋಜನೆಯ ವ್ಯಾಪ್ತಿಗೆ ತರಲಾಯಿತು. ಒಂದು ಮಾರ್ಗದಲ್ಲಿ ಹಾರಲು ಪ್ರತಿ ಆಸನಕ್ಕೆ ಎಷ್ಟು ನಷ್ಟ ತುಂಬಿಕೊಡಬೇಕೆಂದು ಸಂಸ್ಥೆಗಳು ಬಿಡ್ ಸಲ್ಲಿಸುತ್ತವೆ, ಕಡಿಮೆ ಕೇಳಿದವರಿಗೆ ಮಾರ್ಗ ಸಿಗುತ್ತದೆ. ಈ ಮೊತ್ತಕ್ಕೆ ಸರ್ಕಾರಿ ಕಡತದ ಹೆಸರು ವಾಯಬಿಲಿಟಿ ಗ್ಯಾಪ್ ಫಂಡಿಂಗ್. ಸಾಮಾನ್ಯ ರಾಜ್ಯಗಳಲ್ಲಿ ಇದರ ಶೇ 80ರಷ್ಟು ಕೇಂದ್ರದ ಕಡೆಯಿಂದ, ಶೇ 20ರಷ್ಟು ರಾಜ್ಯದಿಂದ ಬರುತ್ತದೆ; ಈಶಾನ್ಯ ರಾಜ್ಯಗಳಲ್ಲಿ ಈ ಪ್ರಮಾಣ 90 ಮತ್ತು 10. ಕೇಂದ್ರದ ಪಾಲು ನೇರವಾಗಿ ಬಜೆಟ್‌ನಿಂದ ಬರುವುದಿಲ್ಲ. ಬೆಂಗಳೂರು–ದೆಹಲಿಯಂಥ ಮುಖ್ಯ ಮಾರ್ಗಗಳಲ್ಲಿ ಹೊರಡುವ ಪ್ರತಿ ವಿಮಾನದ ಮೇಲೂ ಒಂದು ಸುಂಕ ವಿಧಿಸಿ ಅದನ್ನು ಪ್ರತ್ಯೇಕ ನಿಧಿಗೆ ಸೇರಿಸುತ್ತಾರೆ. ಅಂದರೆ ದೊಡ್ಡ ಊರುಗಳ ನಡುವೆ ಓಡಾಡುವವರು ತಮಗೆ ಗೊತ್ತಿಲ್ಲದೆಯೇ ಬೀದರ್, ಕಲಬುರಗಿಯ ವಿಮಾನಕ್ಕೆ ಒಂದಿಷ್ಟು ಕೊಡುತ್ತಿದ್ದಾರೆ. ಇದರಲ್ಲಿ ಅನ್ಯಾಯವೇನೂ ಇಲ್ಲವೆಂಬುದು ನಮ್ಮ ಅಭಿಪ್ರಾಯ. ನಗರದ ಮಾರ್ಗದಲ್ಲಿ ಗಳಿಸಿ ಹಳ್ಳಿಯ ಮಾರ್ಗದ ನಷ್ಟ ತುಂಬುವ ಕೆಲಸವನ್ನು ನಮ್ಮ ಸಾರಿಗೆ ಬಸ್ಸುಗಳು ದಶಕಗಳಿಂದ ಮಾಡಿಕೊಂಡು ಬಂದಿವೆ.

ನಗದಿನ ಜೊತೆಗೆ ಬೇರೆ ರಿಯಾಯಿತಿಗಳೂ ಇವೆ. ಇಂತಹ ನಿಲ್ದಾಣಗಳಲ್ಲಿ ಇಳಿಯುವ, ನಿಲ್ಲುವ ಶುಲ್ಕವಿಲ್ಲ. ಭದ್ರತೆ ಮತ್ತು ಅಗ್ನಿಶಾಮಕ ಸೇವೆಯನ್ನು ರಾಜ್ಯ ಉಚಿತವಾಗಿ ಒದಗಿಸಬೇಕು. ವಿಮಾನ ಇಂಧನವು ಜಿಎಸ್‌ಟಿಯ ಹೊರಗಿದ್ದು ಬೇರೆಡೆ ರಾಜ್ಯದ ತೆರಿಗೆ ಭಾರಿಯಾಗಿರುತ್ತದೆ, ಇಲ್ಲಿ ಅದನ್ನು ಶೇ 1ಕ್ಕೆ ಇಳಿಸಬೇಕು. ಒಂದು ಹಾರಾಟದ ಖರ್ಚಿನಲ್ಲಿ ಇಂಧನದ್ದೇ ದೊಡ್ಡ ಪಾಲಾದ್ದರಿಂದ ಈ ಕೊನೆಯದು ಸಣ್ಣ ವಿಷಯವಲ್ಲ.

ಇನ್ನು ಮೂರು ವರ್ಷದ ಮಾತು. ಮೂರು ವರ್ಷ ಒಂದೇ ಸಂಸ್ಥೆಗೆ ಆ ಮಾರ್ಗವನ್ನು ಬಿಟ್ಟುಕೊಟ್ಟು ನಷ್ಟ ತುಂಬಿದರೆ, ಅಷ್ಟರಲ್ಲಿ ಜನರಿಗೆ ರೂಢಿಯಾಗಿ ನಾಲ್ಕನೇ ವರ್ಷದಿಂದ ಮಾರ್ಗ ತನ್ನ ಕಾಲಮೇಲೆ ತಾನು ನಿಲ್ಲುತ್ತದೆ ಎಂಬುದು ಯೋಜನೆ ರೂಪಿಸಿದವರ ನಂಬಿಕೆಯಾಗಿತ್ತು. ಹಾಗಾಗಲಿಲ್ಲ. ಮಹಾಲೇಖಪಾಲರ 2023ರ ವರದಿ ಯೋಜನೆಯ ಮೊದಲ ಮೂರು ಸುತ್ತುಗಳನ್ನು ಪರಿಶೀಲಿಸಿದೆ. ಹಂಚಿಕೆಯಾದ 774 ಮಾರ್ಗಗಳಲ್ಲಿ 403 ಮಾರ್ಗಗಳಲ್ಲಿ ಒಂದು ವಿಮಾನವೂ ಹಾರಲಿಲ್ಲ. ಹಾರಾಟ ಶುರುವಾದ 371 ಮಾರ್ಗಗಳಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನದ ಅವಧಿ ಮುಗಿದ ನಂತರವೂ 2023ರ ಮಾರ್ಚ್‌ವರೆಗೆ ಉಳಿದದ್ದು 54 ಮಾತ್ರ.

ಈ ಅಂಕಿಗಳನ್ನು ಹಿಡಿದು ಯೋಜನೆಯೇ ವ್ಯರ್ಥ ಎನ್ನುವವರಿದ್ದಾರೆ. ನಾವು ಹಾಗೆ ಹೇಳುವುದಿಲ್ಲ. ನೂರು ಕಿಲೋಮೀಟರ್ ಆಚೆ ದೊಡ್ಡ ನಿಲ್ದಾಣವಿರುವ ಊರಿಗೂ, ರಾತ್ರಿಯಿಡೀ ರೈಲಿನಲ್ಲಿ ಕುಳಿತರೆ ಮಾತ್ರ ರಾಜಧಾನಿ ಮುಟ್ಟುವ ಊರಿಗೂ, ಬೆಟ್ಟದ ಮೇಲಿನ ಊರಿಗೂ ಒಂದೇ ಮೂರು ವರ್ಷದ ಅಳತೆಗೋಲು ಹಿಡಿದದ್ದು ತಪ್ಪು. ಇವುಗಳಲ್ಲಿ ಕೆಲವು ಮಾರ್ಗಗಳು ಎಂದಿಗೂ ಲಾಭ ತರುವುದಿಲ್ಲ. ಅವು ಬೇಕೇ ಬೇಡವೇ ಎಂಬುದನ್ನು ಸರ್ಕಾರ ನೇರವಾಗಿ ತೀರ್ಮಾನಿಸಬೇಕಿತ್ತು.

2,500 ರೂಪಾಯಿಗೆ ಟಿಕೆಟ್ ಎಂದು ಓದಿದ್ದೆ. ನಾನು ನೋಡಿದಾಗಲೆಲ್ಲ ಅದರ ಎರಡು ಪಟ್ಟು ದರವೇ ಕಾಣಿಸಿತು. ಇದು ಮೋಸವಲ್ಲವೇ?
*– ಹುಮನಾಬಾದಿನ ಓದುಗರು*

ಮೋಸವಲ್ಲ, ಆದರೆ ಪ್ರಚಾರದ ಹೊತ್ತಿಗೆ ಪೂರ್ತಿ ವಿವರ ಹೇಳಿರಲಿಲ್ಲ. ಸುಮಾರು 500 ಕಿ.ಮೀ. ದೂರದ, ಒಂದು ಗಂಟೆಯ ಹಾರಾಟಕ್ಕೆ ಯೋಜನೆಯ ಆರಂಭದಲ್ಲಿ ಗೊತ್ತುಮಾಡಿದ ಮಿತಿ 2,500 ರೂಪಾಯಿ. ದೂರ ಹೆಚ್ಚಿದಂತೆ ಮಿತಿಯೂ ಹೆಚ್ಚುತ್ತದೆ, ಕಾಲಕಾಲಕ್ಕೆ ಅದನ್ನು ಪರಿಷ್ಕರಿಸಿದ್ದಾರೆ ಕೂಡ. ಎಲ್ಲಕ್ಕಿಂತ ಮುಖ್ಯವಾಗಿ, ಈ ಮಿತಿ ಅನ್ವಯಿಸುವುದು ವಿಮಾನದ ಅರ್ಧದಷ್ಟು ಆಸನಗಳಿಗೆ ಮಾತ್ರ, ಅದೂ ಕನಿಷ್ಠ 9, ಗರಿಷ್ಠ 40. ಸ್ಟಾರ್ ಏರ್ ಮೊದಲು ಬಳಸಿದ 50 ಆಸನಗಳ ಎಂಬ್ರಾಯರ್ 145ರಲ್ಲಿ ಅದು 25 ಆಸನ. ಈಗ ಬಳಸುವ 76 ಆಸನಗಳ ಎಂಬ್ರಾಯರ್ 175ರಲ್ಲಿ ಲೆಕ್ಕ ಹಾಕಿದರೆ 38. ಉಳಿದ ಆಸನಗಳ ದರ ಮಾರುಕಟ್ಟೆಯದು. ಕೊನೆಯ ಗಳಿಗೆಯಲ್ಲಿ ಟಿಕೆಟ್ ಹುಡುಕುವವರಿಗೆ, ಅಂದರೆ ಹೆಚ್ಚಾಗಿ ತುರ್ತು ಇರುವವರಿಗೇ, ಅಗ್ಗದ ಆಸನ ಸಿಗುವುದಿಲ್ಲ. ಸಹಾಯಧನದ ಮೂರು ವರ್ಷ ಮುಗಿದ ಮಾರ್ಗದಲ್ಲಂತೂ ಈ ಮಿತಿಯೇ ಇರುವುದಿಲ್ಲ.

ಕಲಬುರಗಿ, ಹುಬ್ಬಳ್ಳಿಯಿಂದ ಶುರುವಾದ ವಿಮಾನ ದೆಹಲಿ ಎಂದು ಹೇಳಿ ಹಿಂಡನ್‌ಗೆ ಇಳಿಸುತ್ತಿತ್ತು. ಏಕೆ?
*– ಹುಬ್ಬಳ್ಳಿಯ ಓದುಗರು*

ಹಿಂಡನ್ ಇರುವುದು ಉತ್ತರ ಪ್ರದೇಶದ ಗಾಜಿಯಾಬಾದ್‌ನಲ್ಲಿ, ಅದು ವಾಯುಪಡೆಯ ನೆಲೆ. ದೆಹಲಿಯ ಮುಖ್ಯ ನಿಲ್ದಾಣದಲ್ಲಿ ಸಣ್ಣ ಸಂಸ್ಥೆಗಳಿಗೆ ಬೇಕಾದ ಹೊತ್ತಿನಲ್ಲಿ ಏರಿಳಿಯುವ ಅವಕಾಶ (ಸ್ಲಾಟ್) ಸಿಗದ ಕಾರಣ, 2019ರಲ್ಲಿ ಉಡಾನ್ ವಿಮಾನಗಳಿಗಾಗಿ ಅಲ್ಲಿ ನಾಗರಿಕ ಆವರಣ ತೆರೆದರು. ಹುಬ್ಬಳ್ಳಿಯ ವಿಮಾನ ಅದೇ ವರ್ಷದ ನವೆಂಬರ್‌ನಲ್ಲಿ, ಕಲಬುರಗಿಯದು ಮರುವರ್ಷದ ನವೆಂಬರ್‌ನಲ್ಲಿ ಶುರುವಾದವು. ಪೂರ್ವ ದೆಹಲಿಗೆ ಹೋಗುವವರಿಗೆ ಅದೇನೂ ದೂರವಲ್ಲ.

ಮೈಸೂರಿಗೆ ಫ್ಯಾನ್ ಇರುವ ವಿಮಾನವೇ ಏಕೆ ಬರುತ್ತದೆ? ಅದು ಹಳೆಯ ಕಾಲದ್ದಲ್ಲವೇ, ಸುರಕ್ಷಿತವೇ?
*– ಮೈಸೂರಿನ ನಿವೃತ್ತ ಉದ್ಯೋಗಿ*

ನೀವು ಹೇಳುತ್ತಿರುವುದು ಎಟಿಆರ್ 72 ಮಾದರಿಯ ಟರ್ಬೊಪ್ರಾಪ್. ಹೊರಗೆ ಕಾಣುವುದು ಪ್ರೊಪೆಲರ್ ಆದರೂ ಅದನ್ನು ತಿರುಗಿಸುವುದು ಒಳಗಿನ ಟರ್ಬೈನ್ ಎಂಜಿನ್. ಅದು ಹಳೆಯ ಕಾಲದ್ದಲ್ಲ, ಬೇರೆ ಕೆಲಸಕ್ಕಾಗಿ ಮಾಡಿದ್ದು. ಜೆಟ್ ಗಂಟೆಗೆ 800 ಕಿ.ಮೀ. ಆಸುಪಾಸಿನ ವೇಗದಲ್ಲಿ ಹೋದರೆ ಇದು 500ರ ಆಸುಪಾಸಿನಲ್ಲಿ ಹೋಗುತ್ತದೆ. ನಾನೂರು ಕಿಲೋಮೀಟರ್ ದಾರಿಯಲ್ಲಿ ಈ ವ್ಯತ್ಯಾಸ ಸುಮಾರು ಇಪ್ಪತ್ತು ನಿಮಿಷ. ಆದರೆ ಇಂಧನದ ಉಳಿತಾಯ ದೊಡ್ಡದು, ಮತ್ತು ಚಿಕ್ಕ ರನ್‌ವೇ ಸಾಕಾಗುತ್ತದೆ. ಮೈಸೂರಿನ ಮಂಡಕಳ್ಳಿ ರನ್‌ವೇಯ ಉದ್ದ 1,740 ಮೀಟರ್. ಅದನ್ನು ಹೆಚ್ಚಿಸಲು ನಂಜನಗೂಡು ಹೆದ್ದಾರಿ ಅಡ್ಡ ಇದೆ. ಹೋಲಿಕೆಗೆ, ಕಲಬುರಗಿಯ ರನ್‌ವೇ 3,175 ಮೀಟರ್, ಶಿವಮೊಗ್ಗದ್ದು 3,200. ಉದ್ದನೆಯ ರನ್‌ವೇ ಇರುವ ಊರಿಗೆ ವಿಮಾನ ವಿರಳ, ವಿಮಾನಕ್ಕೆ ಬೇಡಿಕೆ ಇರುವ ಮೈಸೂರಿಗೆ ರನ್‌ವೇ ಚಿಕ್ಕದು!

ಸುರಕ್ಷತೆಯ ವಿಚಾರದಲ್ಲಿ ಎರಡೂ ಬಗೆಯ ವಿಮಾನಗಳನ್ನು ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ಕಟ್ಟುಪಾಡಿನೊಳಗೇ ನಡೆಸಬೇಕು. ತಗ್ಗಿನಲ್ಲಿ ಹಾರುವುದರಿಂದ ಮಳೆಗಾಲದಲ್ಲಿ ಕುಲುಕಾಟ ಹೆಚ್ಚು ಅನ್ನಿಸಬಹುದು. ಅದಕ್ಕೆ ಹೆದರಬೇಕಿಲ್ಲ.

ವಿಮಾನ ಹೊರಡುವ ದಿನ ಬೆಳಿಗ್ಗೆ ರದ್ದಾಗಿದೆ ಎಂದು ಸಂದೇಶ ಬಂತು. ಕಾರಣ ಒಮ್ಮೆ ಹವಾಮಾನ ಎಂದರು, ಒಮ್ಮೆ ತಾಂತ್ರಿಕ ದೋಷ ಎಂದರು. ಹಣ ಮಾತ್ರ ಹಿಂದಿರುಗಿಸಿದರು. ನನಗೆ ಪರಿಹಾರ ಸಿಗಬೇಕಿತ್ತೇ?
*– ಬೆಳಗಾವಿಯ ಓದುಗರು (ಸಂಸ್ಥೆಯ ಹೆಸರನ್ನು ನಾವು ಕೈಬಿಟ್ಟಿದ್ದೇವೆ)*

ಕಾರಣ ಯಾವುದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಡಿಜಿಸಿಎ ನಿಯಮದ ಪ್ರಕಾರ ರದ್ದತಿಯನ್ನು ಮೊದಲೇ ತಿಳಿಸಿದ್ದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ ನಿಮ್ಮ ಆಯ್ಕೆ. ಹೊರಡುವ ದಿನ ತಿಳಿಸಿದರೆ ಇದರ ಮೇಲೆ ಪರಿಹಾರವೂ ಇದೆ: ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಗೆ 7,500, ಅದಕ್ಕಿಂತ ಹೆಚ್ಚಿನದಕ್ಕೆ 10,000. ಆದರೆ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಇದಕ್ಕಿಂತ ಕಡಿಮೆಯಿದ್ದರೆ ಆ ಕಡಿಮೆ ಮೊತ್ತ ಮಾತ್ರ ಸಿಗುತ್ತದೆ. ಹವಾಮಾನ, ವಾಯು ಸಂಚಾರ ನಿಯಂತ್ರಣ, ಭದ್ರತೆಯಂಥ ಸಂಸ್ಥೆಯ ಕೈಮೀರಿದ ಕಾರಣಕ್ಕೆ ಪರಿಹಾರವಿಲ್ಲ. ಎರಡು ಬಗೆಯ ಕಾರಣ ಹೇಳಿದ್ದರಿಂದ ನಿಮ್ಮ ದೂರಿಗೆ ಬಲವಿದೆ. ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ವಿಮಾನಯಾನ ಸಚಿವಾಲಯದ ಏರ್‌ಸೇವಾ ಜಾಲತಾಣದಲ್ಲಿ ದೂರು ದಾಖಲಿಸಿ.

ಆದರೂ ಸಣ್ಣ ಸಂಸ್ಥೆಯ ಕಷ್ಟವನ್ನೂ ಇಲ್ಲಿ ಹೇಳಬೇಕು. ಬೆರಳೆಣಿಕೆಯ ವಿಮಾನಗಳಿರುವ ಸಂಸ್ಥೆಯಲ್ಲಿ ಒಂದೇ ವಿಮಾನ ಬೆಳಿಗ್ಗೆಯಿಂದ ಸಂಜೆಯವರೆಗೆ ಆರೇಳು ಹಾರಾಟ ಮಾಡಬೇಕು. ಬೆಳಗಿನ ಊರಿನಲ್ಲಿ ಒಂದು ಹಕ್ಕಿ ಎಂಜಿನ್‌ಗೆ ಬಡಿದರೆ ಸಂಜೆಯ ಊರಿನ ಪ್ರಯಾಣಿಕನಿಗೆ ವಿಮಾನವಿಲ್ಲ, ಏಕೆಂದರೆ ಬದಲಿ ವಿಮಾನವನ್ನು ಸುಮ್ಮನೆ ನಿಲ್ಲಿಸಿಕೊಂಡಿರುವ ಶಕ್ತಿ ಸಂಸ್ಥೆಗಿಲ್ಲ. ಇದಕ್ಕೆ ಸಣ್ಣ ನಿಲ್ದಾಣದ ಮಿತಿಗಳು ಸೇರಿಕೊಳ್ಳುತ್ತವೆ. ಇಳಿಯುವಾಗ ದಾರಿ ತೋರುವ ಐಎಲ್‌ಎಸ್ ಉಪಕರಣವಿಲ್ಲದೆ ಪೈಲಟ್ ಕಣ್ಣಳತೆಯಿಂದಲೇ ಇಳಿಯಬೇಕಾದಲ್ಲಿ ಐದು ಕಿಲೋಮೀಟರ್‌ವರೆಗೆ ನೋಟ ಸ್ಪಷ್ಟವಿರಬೇಕು. ಮಲೆನಾಡಿನ ಶ್ರಾವಣದ ಬೆಳಗಿನಲ್ಲಿ ಅದು ಎಷ್ಟು ದಿನ ಸಿಕ್ಕೀತು ನೀವೇ ಹೇಳಿ. ಮೇಲಾಗಿ ಇಂತಹ ನಿಲ್ದಾಣಗಳು ದಿನಕ್ಕೆ ಕೆಲವೇ ಗಂಟೆ ತೆರೆದಿರುತ್ತವೆ. ಆ ‘ವಾಚ್ ಅವರ್ಸ್’ ಮುಗಿದರೆ ತಡವಾದ ವಿಮಾನ ರದ್ದಾದಂತೆಯೇ.

ಇದೆಲ್ಲ ಉಡಾನ್ ಬಂದ ಮೇಲಿನ ಕಥೆ. ಅದಕ್ಕೂ ಮೊದಲು ಯಾರೂ ಪ್ರಯತ್ನಿಸಿರಲಿಲ್ಲವೇ?
*– ಹಾಸನದ ಓದುಗರು*

ಹಾಸನದಿಂದಲೇ ಈ ಪ್ರಶ್ನೆ ಬಂದದ್ದು ಚೆನ್ನಾಯಿತು. ಸರ್ಕಾರ 1981ರಲ್ಲಿ ಮುಖ್ಯವಾಗಿ ಈಶಾನ್ಯ ರಾಜ್ಯಗಳಿಗಾಗಿ ವಾಯುದೂತ್ ಸಂಸ್ಥೆಯನ್ನು ಹುಟ್ಟುಹಾಕಿತ್ತು. ನಷ್ಟದಲ್ಲಿ ನಡೆದು 1990ರ ದಶಕದಲ್ಲಿ ಅದು ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಕರಗಿತು. ಆದರೆ ನಿಮ್ಮ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ಯಾವ ಸಹಾಯಧನವೂ ಇರಲಿಲ್ಲ. ಬೆಂಗಳೂರು–ಹುಬ್ಬಳ್ಳಿ ಅದರ ಮೊದಲ ಮಾರ್ಗ, ಬಳಸಿದ್ದು ಎಟಿಆರ್. ಒಂದು ರೂಪಾಯಿಯ ಟಿಕೆಟ್ ಎಂದು ಜನ ನಕ್ಕರೂ ಸಾಲು ನಿಂತರು. ಆ ಸಂಸ್ಥೆ ಮುಂದೆ ಕಿಂಗ್‌ಫಿಷರ್ ಪಾಲಾಯಿತು. ಉಡಾನ್ ಬಂದಾಗ ಅದೇ ಹೆಸರಿನಲ್ಲಿ 2017ರ ಡಿಸೆಂಬರ್‌ನಲ್ಲಿ 19 ಆಸನಗಳ ಪುಟ್ಟ ವಿಮಾನಗಳು ಮಹಾರಾಷ್ಟ್ರದ ಜಳಗಾವ್, ನಾಸಿಕ್ ಕಡೆ ಹಾರಿದವು, 2020ರ ಲಾಕ್‌ಡೌನ್‌ನಲ್ಲಿ ನಿಂತವು. ನಮ್ಮ ಓದುಗರಿಗೆ ಹೆಚ್ಚು ಪರಿಚಿತವಾದ ಸ್ಟಾರ್ ಏರ್ ಕೊಲ್ಹಾಪುರ ಕಡೆಯ ಸಂಜಯ್ ಘೋಡಾವತ್ ಸಮೂಹದ್ದು, 2019ರ ಜನವರಿಯಲ್ಲಿ ಹಾರಾಟ ಆರಂಭಿಸಿತು. ಅದೇ ವರ್ಷದ ನವೆಂಬರ್ 22ರಂದು ಕಲಬುರಗಿ ನಿಲ್ದಾಣ ಉದ್ಘಾಟನೆಯಾದಾಗ ಮೊದಲು ಬಂದಿಳಿದದ್ದೂ ಅದರ ವಿಮಾನವೇ.

ಬೇರೆ ದೇಶಗಳಲ್ಲಿ ಇಂತಹ ಊರುಗಳಿಗೆ ಏನು ಮಾಡುತ್ತಾರೆ?
*– ಸ್ಕಾಟ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು*

ಉತ್ತರದ ಒಂದು ತುಣುಕು ನಿಮ್ಮ ಸಮೀಪದಲ್ಲೇ ಇದೆ. ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೆಯಿಂದ ಪಾಪಾ ವೆಸ್ಟ್ರೆಗೆ ಲೋಗನ್‌ಏರ್ ಹಾರಿಸುವ ವಿಮಾನ 2.7 ಕಿ.ಮೀ. ದೂರವನ್ನು ಎರಡು ನಿಮಿಷದೊಳಗೆ ಮುಟ್ಟುತ್ತದೆ. ಜಗತ್ತಿನ ಅತಿ ಚಿಕ್ಕ ನಿಯಮಿತ ವಿಮಾನ ಮಾರ್ಗ ಅದು. ಅದು ಲಾಭ ತರಲೆಂದು ಯಾರೂ ನಿರೀಕ್ಷಿಸುವುದಿಲ್ಲ. ನಾರ್ವೆಯ ಉತ್ತರ ಕರಾವಳಿಯಲ್ಲಿ ಎಂಟುನೂರು ಮೀಟರ್ ರನ್‌ವೇಗಳಲ್ಲಿ ವಿಡರೋ ಸಂಸ್ಥೆಯ ವಿಮಾನಗಳು ಇಳಿಯುತ್ತವೆ. ಅಲ್ಲಿ ಸರ್ಕಾರ ಇಂತಿಷ್ಟು ಹಾರಾಟ ಬೇಕೆಂದು ಗೊತ್ತುಮಾಡಿ ಟೆಂಡರ್ ಕರೆಯುತ್ತದೆ, ಅವಧಿ ಮುಗಿದರೆ ಮತ್ತೆ ಕರೆಯುತ್ತದೆ. ಅಮೆರಿಕದಲ್ಲಿ 1978ರಲ್ಲಿ ವಿಮಾನಯಾನವನ್ನು ಮಾರುಕಟ್ಟೆಗೆ ಬಿಟ್ಟಾಗ ಸಣ್ಣ ಊರುಗಳನ್ನು ಸಂಸ್ಥೆಗಳು ಕೈಬಿಡುತ್ತವೆಂದು ತಿಳಿದೇ ಅವುಗಳಿಗಾಗಿ ಒಂದು ಯೋಜನೆ ತಂದರು, ಅದು ಇಂದಿಗೂ ಇದೆ. ಅಲ್ಲಿಯೂ ಕಟ್ಟುನಿಟ್ಟು ಉಂಟು: ದೊಡ್ಡ ನಿಲ್ದಾಣಕ್ಕೆ 210 ಮೈಲಿಯೊಳಗಿರುವ ಊರಿನಲ್ಲಿ ಪ್ರತಿ ಪ್ರಯಾಣಿಕನ ಮೇಲಿನ ಸಹಾಯಧನ 200 ಡಾಲರ್ ಮೀರಬಾರದೆಂಬ ನಿಯಮ ದೀರ್ಘಕಾಲ ಇತ್ತು. ಆ ಅಳತೆಯಲ್ಲಿ ನೋಡಿದರೆ ಬೀದರ್ ಹೈದರಾಬಾದಿಗೆ ಹತ್ತಿರದ್ದು, ಕಲಬುರಗಿಯೂ ಹಾಗೆಯೇ; ಆದ್ದರಿಂದ ವಿದೇಶದ ಮಾದರಿಯನ್ನು ಇದ್ದಂತೆ ತರಬೇಕೆಂದು ನಾವು ಹೇಳಲಾರೆವು. ಅವಧಿ ಮುಗಿದಾಗ ಮತ್ತೆ ಟೆಂಡರ್ ಕರೆಯುವ ಪದ್ಧತಿಯೊಂದನ್ನು ಮಾತ್ರ ಕಲಿಯಬಹುದು.

ನಮ್ಮ ಊರಿನಲ್ಲಿ ವಿಮಾನ ನಿಲ್ದಾಣ ಕಟ್ಟುತ್ತಿದ್ದಾರೆ. ನಾಗರಿಕರಾಗಿ ನಾವು ಏನನ್ನು ಕೇಳಬೇಕು?
*– ವಿಜಯಪುರದ ಒಬ್ಬ ವಕೀಲರು*

ಟರ್ಮಿನಲ್ಲಿನ ಗಾಜಿನ ಗೋಡೆ, ನಿಲ್ದಾಣದ ಹೆಸರು ಇವುಗಳ ಬಗ್ಗೆ ಸಭೆಗಳು ಹೇಗೂ ನಡೆಯುತ್ತವೆ. ನೀವು ಕೇಳಬೇಕಾದದ್ದು ವೇಳಾಪಟ್ಟಿಯನ್ನು. ಬೆಳಿಗ್ಗೆ ಹೊರಟು ಬೆಂಗಳೂರಿನಲ್ಲಿ ಹೈಕೋರ್ಟಿನ ಕೆಲಸವನ್ನೋ ಆಸ್ಪತ್ರೆಯ ಭೇಟಿಯನ್ನೋ ಮುಗಿಸಿ ಸಂಜೆ ಹಿಂದಿರುಗುವಂತಿರುವ ಒಂದು ಜೋಡಿ ಹಾರಾಟ, ವಾರದ ಆರು ದಿನವಾದರೂ, ಒಂದೇ ಹೊತ್ತಿಗೆ. ಮೂರು ನಗರಗಳಿಗೆ ವಾರಕ್ಕೆ ಎರಡೆರಡು ದಿನ ಎಂಬ ಪ್ರಸ್ತಾವ ಬಂದರೆ ಬೇಡವೆನ್ನಿ. ಪತ್ರಿಕೆಯಲ್ಲಿ ಅದು ದೊಡ್ಡ ಸುದ್ದಿ, ಪ್ರಯಾಣಿಕನಿಗೆ ನಿರುಪಯೋಗಿ. ಸಂಜೆಯ ವಿಮಾನಕ್ಕೆ ರಾತ್ರಿ ಇಳಿಯುವ ದೀಪವ್ಯವಸ್ಥೆ ಬೇಕು, ಅದು ಮೊದಲ ದಿನದಿಂದಲೇ ಇರಬೇಕು, ಏಕೆಂದರೆ ಆಮೇಲೆ ಸೇರಿಸುತ್ತೇವೆ ಎಂದ ಕಡೆಗಳಲ್ಲಿ ವರ್ಷಗಳು ಕಳೆದಿವೆ. ನಿಲ್ದಾಣ ಸಂಜೆ ಎಷ್ಟರವರೆಗೆ ತೆರೆದಿರುತ್ತದೆ ಎಂಬುದನ್ನೂ ಬರವಣಿಗೆಯಲ್ಲಿ ಕೇಳಿ.

ಸಹಾಯಧನದ ವಿಚಾರದಲ್ಲಿ ಕೇಂದ್ರದ 2025ರ ಬಜೆಟ್‌ನಲ್ಲಿ ಪರಿಷ್ಕೃತ ಉಡಾನ್ ಮೂಲಕ ಹತ್ತು ವರ್ಷಗಳಲ್ಲಿ 120 ಹೊಸ ಊರುಗಳನ್ನು ಸೇರಿಸುವುದಾಗಿ ಹೇಳಲಾಗಿದೆ. ನಿಮ್ಮ ಊರು ಆ ಪಟ್ಟಿಗೆ ಬಂದರೆ ಮೊದಲ ಮೂರು ವರ್ಷದ ಯೋಚನೆ ಸಂಸ್ಥೆಯದು. ನಾಲ್ಕನೇ ವರ್ಷದಲ್ಲಿ ರಾಜ್ಯ ಸರ್ಕಾರ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಉದ್ಘಾಟನೆಯ ದಿನವೇ, ವೇದಿಕೆಯ ಮೇಲೆ ಸಚಿವರು ಇರುವಾಗಲೇ ಕೇಳಿಬಿಡಿ. ಬೆಳಗಾವಿಯವರು 2018ರಲ್ಲಿ ತಮ್ಮ ವಿಮಾನಗಳು ಉಡಾನ್ ಇದ್ದ ಹುಬ್ಬಳ್ಳಿಗೆ ಹೋದ ಮೇಲೆ ಎಚ್ಚೆತ್ತು, ಹೋರಾಡಿ ಮೂರನೇ ಸುತ್ತಿನಲ್ಲಿ ಸೇರಿಕೊಂಡರು. ನಿಮಗೆ ಆ ಅನುಭವದ ಪ್ರಯೋಜನ ಮೊದಲೇ ಸಿಕ್ಕಿದೆ.